ಅಕ್ಕನ ಕಾಲಾಳುಗಳು

ಅಕ್ಕನ ಕಣ್ಣು ಮಂಜಾಗತೊಡಗಿದಾಗ ಅವಳು ಮೊದಲು ಬಿಟ್ಟದ್ದು ಹೊಲಿಗೆಯನ್ನು. ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಅವಳ ಹೊಲಿಗೆ ತರಗತಿ ನಡೆಯುತ್ತಿತ್ತು. ಸೂಜಿಗೆ ನೂಲು ಪೋಣಿಸಲೂ ಕಲಿಯಲು ಬಂದವರನ್ನೇ ಕೇಳಬೇಕಾದ ಮೇಲೆ, ಒಂದು ಸಂಜೆ ಬೀಗ ಹಾಕಿ ಬಂದುಬಿಟ್ಟಳು. ಕಣ್ಣಿನ ಒತ್ತಡದ ಕಾಯಿಲೆ. ಹೋದ ದೃಷ್ಟಿ ಮರಳುವುದಿಲ್ಲ, ಇರುವಷ್ಟನ್ನು ಉಳಿಸಲು ನೋಡೋಣ ಎಂದಿದ್ದರು ಡಾಕ್ಟರು.

ಪಂಪ್‌ವೆಲ್ ಹತ್ತಿರದ ನಮ್ಮ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅವಳೂ ಮದುವೆಯಾಗಿರಲಿಲ್ಲ, ನಾನೂ ಆಗಿರಲಿಲ್ಲ. ಮೀನಿನ ದಕ್ಕೆಯಲ್ಲಿ ಬೋಟುಗಳಿಗೆ ಐಸ್ ಕೊಡುವ ಪ್ಲಾಂಟಿನಲ್ಲಿ ನನಗೆ ಕೆಲಸ. ಹಗಲಿಡೀ ಅವಳು ಒಬ್ಬಳೇ ಕೂತು ಹೈವೇಯ ಸದ್ದು ಕೇಳುತ್ತಿದ್ದಳು.

ಚೆಸ್ ನಮಗೆ ಅಪ್ಪನಿಂದ ಬಂದದ್ದು. ಅಪ್ಪ ಕಡಲಿಗೆ ಹೋಗುತ್ತಿದ್ದವರು. ಮಳೆಗಾಲದಲ್ಲಿ ಬೋಟುಗಳು ನಿಂತಾಗ ಯಾರಿಂದಲೋ ಕಲಿತು, ನಮಗೂ ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಬೋರ್ಡು ಅಟ್ಟ ಸೇರಿತ್ತು. ಅಕ್ಕನಿಗೆ ಸಮಯ ಕಳೆಯಲಿ ಎಂದು ನಾನು ಅಂಧರು ಆಡುವ ಬೋರ್ಡೊಂದನ್ನು ತರಿಸಿದೆ. ಅದರಲ್ಲಿ ಕಪ್ಪು ಮನೆಗಳು ಸ್ವಲ್ಪ ಉಬ್ಬಿರುತ್ತವೆ. ಕಾಯಿಗಳು ಅಲ್ಲಾಡದಂತೆ ಪ್ರತಿ ಮನೆಗೂ ಒಂದು ತೂತು. ಬಿಳಿಯವುಗಳಿಂದ ಬೇರೆಯೆಂದು ಬೆರಳಿಗೆ ತಿಳಿಯಲು ಕಪ್ಪು ಕಾಯಿಗಳ ತಲೆಯಲ್ಲಿ ಸಣ್ಣ ಮೊಳೆ.

ಮೊದಮೊದಲು ಬಹಳ ಕಷ್ಟವಾಯಿತು. ಅವಳ ಬೆರಳು ಕುದುರೆಯನ್ನು ಹುಡುಕುವಷ್ಟರಲ್ಲಿ ಒಂಟೆ ಮರೆತುಹೋಗುತ್ತಿತ್ತು.

"ನಾನು ಹೇಳ್ಲಾ, ಎಲ್ಲಿ ಉಂಟು ಅಂತ?" ಎಂದೆ ಒಮ್ಮೆ.

"ನೀನು ಹೇಳಿದ್ರೆ ಅದು ನಿನ್ನ ಆಟ ಆಗ್ತದೆ," ಎಂದು ಎದ್ದು ಒಳಗೆ ಹೋದಳು.

ಆದರೆ ಆಟ ಬಿಡಲಿಲ್ಲ. ನಾನಿಲ್ಲದಾಗ ಒಬ್ಬಳೇ ಬೋರ್ಡಿನ ಮೇಲೆ ಕೈಯಾಡಿಸುತ್ತಿದ್ದಳೆಂದು ಕಾಣುತ್ತದೆ. ಒಂದು ಸಂಜೆ ಕೆಲಸದಿಂದ ಬಂದು ಚಪ್ಪಲಿ ಕಳಚುತ್ತಿದ್ದಂತೆಯೇ ಕರೆದಳು.

"ನನಗೆ ಈಗ ಗೊತ್ತಾಯ್ತು ಮಾರಾಯ. ಎಲ್ಲವನ್ನೂ ಹುಡುಕ್ಬಾರ್ದು. ಮೊದ್ಲು ಪಾನ್‌ಗಳನ್ನು ಮುಟ್ಟಿ ನೋಡ್ಬೇಕು. ಅವು ಹಿಂದೆ ಹೋಗುವುದಿಲ್ಲ ಅಲ್ವಾ? ಮೊದ್ಲು ಇದ್ದಲ್ಲೇ ಇರ್ತವೆ, ಇಲ್ಲಾಂದ್ರೆ ಮುಂದೆ. ಅವು ಎಲ್ಲಿ ಉಂಟು ಅಂತ ಗೊತ್ತಾದ್ರೆ ಉಳಿದವು ಎಲ್ಲಿ ಇರ್ಬಹುದು ಅಂತ ತಾನಾಗಿ ಗೊತ್ತಾಗ್ತದೆ."

ಪಾನ್ ಎಂದು ಅವಳು ಹೇಳಿದ ಕಾಲಾಳುಗಳನ್ನು ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಂಡವನಲ್ಲ. ಆಟ ಶುರುವಾದರೆ ಒಂದೆರಡನ್ನು ಅತ್ತಿತ್ತ ಸರಿಸಿ, ರಾಣಿಯನ್ನು ಹೊರಗೆ ತಂದು ನುಗ್ಗುವುದೊಂದೇ ನನಗೆ ಗೊತ್ತಿದ್ದದ್ದು. ಈಗ ಅದು ನಡೆಯದಾಯಿತು. ನಾನು ನಡುವಿನ ಎರಡು ಕಾಲಾಳುಗಳನ್ನು ಮುಂದೆ ತಂದರೆ, ಅವಳ ಕಪ್ಪು ಕಾಲಾಳುಗಳು ಅವುಗಳಿಗೆ ಎದುರಾಗಿ ನಿಂತು ದಾರಿ ಮುಚ್ಚುತ್ತಿದ್ದವು. ನನ್ನ ರಾಣಿ ಬಳಸಿ ಹೋಗಬೇಕು, ಒಂಟೆಗಳಿಗೆ ಉಸಿರಾಡಲು ಜಾಗವಿಲ್ಲ. ಆಮೇಲೆ ಅವಳು ಪಕ್ಕದಿಂದ ಇನ್ನೊಂದು ಕಾಲಾಳನ್ನು ಎರಡು ಮನೆ ದಾಟಿಸಿ ನನ್ನ ಸಾಲಿನ ಬುಡಕ್ಕೇ ಕೈ ಹಾಕುತ್ತಿದ್ದಳು.

"ಮುಂದೆ ನಿಂತದ್ದನ್ನು ಹೊಡೀಲಿಕ್ಕೆ ಹೋಗ್ಬಾರ್ದು. ಅದಕ್ಕೆ ಹಿಂದಿನಿಂದ ಯಾರ ಬಲ ಉಂಟು ಅಂತ ನೋಡ್ಬೇಕು," ಎನ್ನುತ್ತಿದ್ದಳು.

ನಾನು ಸೋಲುತ್ತಲೇ ಇದ್ದೆ. ಅವಳ ಮುಖದಲ್ಲಿ ಹಳೆಯ ಕಳೆ ಬರುತ್ತಿತ್ತು.

ಮರುವರ್ಷ ನಗರದ ಒಂದು ಸಭಾಂಗಣದಲ್ಲಿ ನಡೆದ ಚೆಸ್ ಟೂರ್ನಿಗೆ ಅವಳೇ ಹಟ ಹಿಡಿದು ತನ್ನ ಹೆಸರು ಕೊಡಿಸಿದಳು. ಮೊದಲ ಆಟದಲ್ಲಿ ಎದುರಿಗೆ ಬಂದವರು ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರಿಗೆ ಮಾಮೂಲು ಬೋರ್ಡು, ಅಕ್ಕನಿಗೆ ತನ್ನ ಬೋರ್ಡು. ಆಡಿದ ನಡೆಯನ್ನು ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಆರಂಭದ ಕೆಲವು ನಡೆಗಳಾದ ಮೇಲೆ ಅವರು ಮೆಲ್ಲಗೆ ಕೇಳಿದರು:

"ಡ್ರಾ ಮಾಡುವನಾ ಅಕ್ಕ? ನಿಮಗೆ ಸುಮ್ಮನೆ ತೊಂದರೆ."

ಅಕ್ಕನ ಬೆರಳು ನಿಂತಿತು. "ಈಗ ಎಂತ ಡ್ರಾ ಸರ್? ಆಟ ಇನ್ನೂ ಶುರುವೇ ಆಗ್ಲಿಲ್ಲ."

ಅವರು ತಲೆ ತಗ್ಗಿಸಿದರು. ಆಮೇಲೆ ನಿಜವಾಗಿ ಆಡಿದರು. ಅಕ್ಕ ನಡುವನ್ನು ಮುಚ್ಚಿ, ಬುಡಕ್ಕೆ ಕೈಯಿಟ್ಟು, ಅವರ ಒಂದು ಕಾಲಾಳನ್ನು ಗೆದ್ದೇಬಿಟ್ಟಳು. ಬದಿಯಲ್ಲಿ ಕೂತ ನಾನು ಮುಂದಕ್ಕೆ ಬಾಗಿದೆ. ಅಷ್ಟರಲ್ಲಿ ಅವಳು ತನ್ನ ರಾಜನ ಎದುರಿಗಿದ್ದ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದಳು. ಮರುಕ್ಷಣವೇ ಅವಳ ಕೈ ಅದರ ತಲೆಯ ಮೇಲೆ ಹೋಗಿ ಅಲ್ಲೇ ಉಳಿಯಿತು. ತಪ್ಪೆಂದು ಅವಳಿಗೆ ಗೊತ್ತಾಗಿತ್ತು. ಹಿಂದೆ ತರುವಂತಿರಲಿಲ್ಲ. ಅವರ ಕುದುರೆಯೂ ರಾಣಿಯೂ ಆ ದಾರಿಯಿಂದಲೇ ಒಳಗೆ ಬಂದವು.

ಸೋತ ಮೇಲೆ ಅವಳು ಕೈ ಚಾಚಿದಳು. ಹಿರಿಯರು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು.

"ನಾನು ಮೊದಲು ಹಾಗೆ ಕೇಳಬಾರದಿತ್ತು," ಎಂದರು.

"ಅದು ಬಿಡಿ. ಬಾಗಿಲು ತೆಗೆದುಕೊಟ್ಟದ್ದು ನಾನೇ," ಎಂದಳು ಅಕ್ಕ. "ಗೆಲ್ಲುವ ಆಸೆ ಆಯ್ತು, ಅಷ್ಟೇ."

ಅವರು ನಮ್ಮ ಮನೆ ಎಲ್ಲಿ ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಭಾನುವಾರಗಳಂದು ವಾಮಂಜೂರಿನಿಂದ ಬಸ್ಸು ಹತ್ತಿ ಬರತೊಡಗಿದರು. ನನಗಿಂತ ಗಟ್ಟಿ ಆಟಗಾರ ಸಿಕ್ಕಿದ್ದರಿಂದ ಅಕ್ಕ ನನ್ನನ್ನು ಚಾ ಮಾಡುವುದಕ್ಕೆ ಕಳಿಸುತ್ತಿದ್ದಳು. ನನಗೆ ಬೇಸರವೇನೂ ಆಗಲಿಲ್ಲ.

ಹೀಗೇ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅವರಿಬ್ಬರು ಕಾಯಿ ಜೋಡಿಸುತ್ತಿದ್ದರು. ಹೊರಗೆ ಕಣ್ಣು ಕುಕ್ಕುವಷ್ಟು ಬಿಸಿಲು, ಕಿಟಕಿ ತೆರೆದೇ ಇತ್ತು. ಅಕ್ಕ ನನ್ನತ್ತ ಮುಖ ತಿರುಗಿಸಿದಳು.

"ಕಿಟಕಿ ಯಾಕೆ ಹಾಕಿದ್ದು? ಸ್ವಲ್ಪ ತೆಗಿ."

ನಾನು ಎದ್ದು ಕಿಟಕಿಯ ಬದಿಗೆ ಹೋಗಿ ನಿಂತೆ. ಹಿರಿಯರು ನನ್ನನ್ನು ನೋಡಿದರು. ಚಿಲಕ ತೆಗೆಯುವ ಸದ್ದು ಬಾರದ್ದರಿಂದಲೇ ಅವಳಿಗೆ ಎಲ್ಲ ತಿಳಿದಿರಬೇಕು. ಕಿಟಕಿಯ ಕಡೆಗೆ ಅಂಗೈ ಚಾಚಿ, ಬಿಸಿಲು ತಾಗುವವರೆಗೆ ಹಾಗೇ ಹಿಡಿದಳು. ಇಷ್ಟು ದಿನ ನೆರಳಿನಂತಾದರೂ ಉಳಿದಿದ್ದ ಬೆಳಕು ಅವಳ ಕಣ್ಣಿಂದ ಪೂರ್ತಿ ಹೋಗಿತ್ತು.

ನಾನು ಹತ್ತಿರ ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟೆ. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಹಿರಿಯರು ಏಳಲೂ ಇಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಕೊನೆಗೆ ತಮ್ಮ ರಾಜನ ಎದುರಿನ ಕಾಲಾಳನ್ನು ಎರಡು ಮನೆ ಮುಂದಿಟ್ಟು, "ಇ ಫೋರ್," ಎಂದು ತಮ್ಮ ನಡೆ ಹೇಳಿದರು.

ಅಕ್ಕ ನನ್ನ ಕೈ ಬಿಟ್ಟಳು. ಕಾಲಾಳುಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಮುಟ್ಟಿ ನೋಡಿ, ನಡುವಿನದೊಂದನ್ನು ಕಿತ್ತು ಒಂದು ಮನೆ ಮುಂದಿಟ್ಟಳು.