ಕಾವೂರಿನಿಂದ ಹೋದ ಓಟು

ನನ್ನ ಚಿಕ್ಕಮ್ಮ ಹುಟ್ಟಿದ್ದು ಮಂಗಳೂರಿನಲ್ಲಿ, ಈಗ ಇರುವುದೂ ಮಂಗಳೂರಿನಲ್ಲಿ. ಆದರೆ ಕಾಗದಪತ್ರದ ಪ್ರಕಾರ ಅವರು ಪರದೇಶದಲ್ಲಿ ವಾಸವಾಗಿರುವ ಜರ್ಮನ್ ಪ್ರಜೆ. ಆ ಪರದೇಶವೆಂದರೆ ಕಾವೂರು ಕೆರೆಯಿಂದ ಸ್ವಲ್ಪ ಆಚೆ, ನಾವಿಬ್ಬರೂ ಇರುವ ಎರಡನೇ ಮಹಡಿಯ ಫ್ಲಾಟು.

ಅವರು ನನ್ನ ಅಮ್ಮನ ಕೊನೆಯ ತಂಗಿ. ಶಾಲೆಯಲ್ಲಿ ಜೊತೆಗಿದ್ದ ಕ್ರೈಸ್ತ ಗೆಳತಿಯರು ನರ್ಸ್ ತರಬೇತಿಗೆಂದು ಜರ್ಮನಿಗೆ ಹೊರಟಾಗ ತಾನೂ ಹೋಗುತ್ತೇನೆಂದು ಹಟ ಹಿಡಿದವರು. ಅಜ್ಜ ಗದ್ದೆ ಬೇಸಾಯದವರು. ಬೊಂಬಾಯಿ ಎಂದಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಜರ್ಮನಿ ಎಂದಾಗ ಅದು ಯಾವ ದಿಕ್ಕಿಗೆ ಎಂದು ಕೇಳಿದರಂತೆ. ಚಿಕ್ಕಮ್ಮ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ, ಹೆಚ್ಚಾಗಿ ವಯಸ್ಸಾದವರ ವಾರ್ಡಿನಲ್ಲಿ, ದುಡಿದು ನಿವೃತ್ತರಾದರು. ಮದುವೆಯಾಗಲಿಲ್ಲ. ಚಳಿ ಸಾಕಾಯಿತು ಎಂದು ಊರಿಗೆ ಬಂದಾಗ ನಾನು ಹೈಸ್ಕೂಲಿನ ಕನ್ನಡ ಟೀಚರ್ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದೆ. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಹಾಗೆ ಒಟ್ಟಿಗೆ ಇರತೊಡಗಿದೆವು.

ಒಂದು ದೇಶದ ಪ್ರಜೆಯಾಗಿ ಇನ್ನೊಂದು ದೇಶದಲ್ಲಿ ಬದುಕುವುದೇ ಒಂದು ಉದ್ಯೋಗವೆಂದು ನನಗೆ ತಿಳಿದದ್ದು ಆಮೇಲೆ. ಅಲ್ಲಿನ ಪೆನ್ಶನ್ ಕಚೇರಿಗೆ ಪ್ರತಿ ವರ್ಷ ಚಿಕ್ಕಮ್ಮ ಬದುಕಿದ್ದಾರೆಂದು ಯಾರಾದರೂ ಅಧಿಕಾರಿ ಸಹಿ ಹಾಕಿ ಕಳುಹಿಸಬೇಕು. ಮೊದಲ ಸಲ ನಾವು ಬ್ಯಾಂಕಿಗೆ ಹೋದಾಗ ಮ್ಯಾನೇಜರು ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸತ್ತವರ ಬಗ್ಗೆ ಬರೆದುಕೊಟ್ಟು ಅಭ್ಯಾಸ ಉಂಟು, ಬದುಕಿದವರ ಬಗ್ಗೆ ಹೇಗೆ ಬರೆಯುವುದೆಂದು ಅವರಿಗೆ ಸಂಶಯ. ಚಿಕ್ಕಮ್ಮ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟು, ಫೋಟೋ ನೋಡಿ, ಮುಖ ನೋಡಿ, ಸಹಿ ಹಾಕಿ ಎಂದು ರೋಗಿಗೆ ಮಾತ್ರೆ ಕೊಡುವ ಧ್ವನಿಯಲ್ಲಿ ಹೇಳಿದರು. ಅವರು ಹಾಕಿದರು. ಪಾಸ್‌ಪೋರ್ಟ್ ಅವಧಿ ಮುಗಿದರೆ ಬೆರಳಚ್ಚು ಕೊಡಲು ಬೆಂಗಳೂರಿನ ಜರ್ಮನ್ ದೂತಾವಾಸಕ್ಕೇ ಹೋಗಬೇಕು. ಹೊಸದು ಬಂದ ಮೇಲೆ ಅದನ್ನು ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಇಲ್ಲಿ ಕೊಡುವ ಒಸಿಐ ಕಾರ್ಡಿನ ಜೊತೆಗೆ ಕಂಪ್ಯೂಟರಿನಲ್ಲಿ ಸೇರಿಸಬೇಕು. ಆ ಕಾರ್ಡು ಇದ್ದವರು ಇಲ್ಲಿ ಬೇಕಾದಷ್ಟು ವರ್ಷ ಇರಬಹುದು. ಗದ್ದೆ ಕೊಳ್ಳುವ ಹಾಗಿಲ್ಲ, ಓಟು ಹಾಕುವ ಹಾಗಿಲ್ಲ.

ಓಟಿನ ವಿಷಯ ನಾನು ಬಹಳ ದಿನ ಯೋಚಿಸಿಯೇ ಇರಲಿಲ್ಲ. ಟೀಚರ್ ಆಗಿದ್ದಷ್ಟು ಕಾಲ ಚುನಾವಣೆಯೆಂದರೆ ನನಗೆ ಡ್ಯೂಟಿ. ಯಾವುದೋ ಶಾಲೆಯ ಬೆಂಚಿನ ಮೇಲೆ ಮಲಗುವುದು, ಬೆಳಿಗ್ಗೆ ಎದ್ದು ಜನರ ಬೆರಳಿಗೆ ಶಾಯಿ ಹಚ್ಚುವುದು. ನಿವೃತ್ತಿಯಾದ ಮೇಲಿನ ಲೋಕಸಭಾ ಚುನಾವಣೆಯಲ್ಲಿ ನಾನು ಬರೇ ಮತದಾರಳಾಗಿ ಹೊರಟೆ. ಚಿಕ್ಕಮ್ಮ ಇಸ್ತ್ರಿ ಹಾಕಿದ ಸೀರೆ ಉಟ್ಟುಕೊಂಡು ತಾವೂ ಬಂದರು. ಸೆಖೆಯಲ್ಲಿ ಸುಮ್ಮನೆ ಯಾಕೆ ಎಂದೆ, ನೋಡಲಿಕ್ಕೆ ಎಂದರು. ನಾನು ಸಾಲಿನಲ್ಲಿ ನಿಂತಷ್ಟು ಹೊತ್ತು ಅವರು ಗೇಟಿನ ಹೊರಗೆ ನೆರಳಿನಲ್ಲಿ ನಿಂತಿದ್ದರು. ನೆರೆಮನೆಯಾಕೆ ಬಂದು ನಿಮ್ಮದು ಆಯಿತಾ ಎಂದು ಕೇಳಿದಾಗ, ನನ್ನದು ಇಲ್ಲಿಲ್ಲ ಎಂದರು.

ಆ ದಿನ ಸಂಜೆ ಚಹಾ ಕುಡಿಯುವಾಗ ಅವರು ಪೌರತ್ವ ತೆಗೆದುಕೊಂಡ ಕತೆ ಹೇಳಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಿ ತೆರಿಗೆ ಕಟ್ಟಿದರೂ, ಊರಿನ ಆಸ್ಪತ್ರೆಯನ್ನು ಮುಚ್ಚಬೇಕೇ ಇಡಬೇಕೇ ಎಂದು ಚರ್ಚೆಯಾದಾಗ ಇವರನ್ನು ಕೇಳುವವರಿರಲಿಲ್ಲ. ಕಡೆಗೆ ಅರ್ಜಿ ಹಾಕಿದರು. ಮೇಯರ್ ಕೈಕುಲುಕಿ ಹೂ ಕೊಟ್ಟನಂತೆ. ಭಾರತದ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿದಾಗ ಅದಕ್ಕೊಂದು ರದ್ದತಿಯ ಮುದ್ರೆ ಹೊಡೆದು ಹಿಂದೆ ಕೊಟ್ಟರು. ಅದನ್ನು ಕೈಚೀಲದಲ್ಲಿ ಹಾಕಿಕೊಂಡು ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅತ್ತರಂತೆ.

"ಇಲ್ಲಿನ ಓಟು ಬಿಟ್ಟುಕೊಟ್ಟು ಅಲ್ಲಿನದ್ದು ತೆಗೆದುಕೊಂಡದ್ದು ನಾನು," ಎಂದರು ಚಿಕ್ಕಮ್ಮ. "ಅದನ್ನೂ ಹಾಕದಿದ್ರೆ ನಾನು ಎಲ್ಲಿಯವಳು ಅಂತ ಆಯ್ತು? ಒಂದು ಸಲವೂ ತಪ್ಪಿಸಲಿಲ್ಲ ನಾನು."

ಇನ್ನೊಂದು ಲೋಟ ಚಹಾ ಬಗ್ಗಿಸಿದೆ.

ಅಲ್ಲಿನ ಸರಕಾರ ಅವಧಿಗೆ ಮೊದಲೇ ಬಿದ್ದು ಚುನಾವಣೆ ಘೋಷಣೆಯಾದದ್ದು ಅದಾದ ಮೇಲಿನ ಚಳಿಗಾಲದಲ್ಲಿ. ಪರದೇಶದಲ್ಲಿರುವವರು ತಾವು ಕೊನೆಗೆ ವಾಸವಾಗಿದ್ದ ಊರಿನ ಪುರಸಭೆಗೆ ಬರೆದು, ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳಬೇಕು. ಅದು ಪ್ರತಿ ಚುನಾವಣೆಗೂ ಹೊಸದಾಗಿ ಆಗಬೇಕಾದ ಕೆಲಸ. ಮತಪತ್ರ ಅಂಚೆಯಲ್ಲಿ ಬರುತ್ತದೆ. ತುಂಬಿಸಿ ಕಳುಹಿಸಿದ್ದು ಮತದಾನದ ದಿನ ಸಂಜೆಯೊಳಗೆ ಅಲ್ಲಿ ಮುಟ್ಟಬೇಕು. ತಡವಾದರೆ ಅದು ಲೆಕ್ಕಕ್ಕಿಲ್ಲ. ಚಿಕ್ಕಮ್ಮ ಸುದ್ದಿ ಕೇಳಿದ ಕೂಡಲೇ ಅರ್ಜಿ ಕಳುಹಿಸಿದರು. ಆದರೆ ಅವಸರದ ಚುನಾವಣೆಯಾದ್ದರಿಂದ ಮತಪತ್ರ ಅಚ್ಚಾಗುವುದೇ ತಡವಾಯಿತು. ಬೆಂಗಳೂರಿನ ಅವರ ದೂತಾವಾಸಕ್ಕೆ ತಲುಪಿಸಿದರೆ ಅಲ್ಲಿಂದ ಸರಕಾರಿ ಚೀಲದಲ್ಲಿ ಕಳುಹಿಸುವ ವ್ಯವಸ್ಥೆಯಿತ್ತು. ಅದಕ್ಕೂ ಒಂದು ಕೊನೆಯ ದಿನ. ಮತಪತ್ರ ಬಾರದೆಯೇ ಆ ದಿನ ದಾಟಿತು. ಚಿಕ್ಕಮ್ಮ ದಿನಾ ಮಧ್ಯಾಹ್ನ ಕೆಳಗಿಳಿದು ಟಪಾಲು ಪೆಟ್ಟಿಗೆ ನೋಡಿ ಬರುತ್ತಿದ್ದರು. ಮೊಣಕಾಲು ನೋವಿದ್ದವರು, ನನಗೆ ಹೋಗಲು ಬಿಡುತ್ತಿರಲಿಲ್ಲ.

ಲಕೋಟೆ ಬಂದದ್ದು ಬುಧವಾರ. ಮತದಾನ ಆ ಭಾನುವಾರ.

ಅವರು ಊಟದ ಮೇಜನ್ನು ಒರೆಸಿ, ಎಲ್ಲವನ್ನೂ ಹರಡಿದರು. ಉದ್ದನೆಯ ಮತಪತ್ರದಲ್ಲಿ ಎರಡು ಸಾಲು, ಒಬ್ಬರಿಗೆ ಎರಡು ಓಟು: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ನಾನು ಕುತೂಹಲದಿಂದ ಬಗ್ಗಿ ನೋಡುತ್ತಿದ್ದಾಗ ಅವರು ಕನ್ನಡಕ ಹಾಕಿಕೊಂಡು, ಇನ್ನು ನೀನು ಹೊರಗೆ ಹೋಗು ಎಂದರು. ಎಷ್ಟೋ ಮಂದಿಯನ್ನು ರಟ್ಟಿನ ಮರೆಯ ಹಿಂದೆ ಕಳುಹಿಸಿದ ನಾನು ನನ್ನ ಮನೆಯಲ್ಲೇ ಬಾಲ್ಕನಿಗೆ ಹೋಗಿ, ಒಣಹಾಕಿದ ಬಟ್ಟೆಗಳ ನಡುವೆ ನಿಂತೆ. ಕರೆದಾಗ ಒಳಗೆ ಬಂದೆ. ಮತಪತ್ರ ಒಳಲಕೋಟೆ ಸೇರಿತ್ತು. ತಾನೇ ಗುರುತು ಹಾಕಿದ್ದೆಂಬ ಪ್ರಮಾಣಕ್ಕೆ ಸಹಿಮಾಡಿ, ಎರಡನ್ನೂ ಕೆಂಪು ಲಕೋಟೆಗೆ ಹಾಕಿ ಅಂಟಿಸುತ್ತಿದ್ದರು.

ರಿಕ್ಷಾ ಹಿಡಿದು ಪೇಟೆಯ ಒಂದು ಕೊರಿಯರ್ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವನು ಒಳಗೆ ಎಂತ ಉಂಟು ಎಂದು ಕೇಳಿದ. ಓಟು ಎಂದರು ಚಿಕ್ಕಮ್ಮ. ಅವನು ನನ್ನ ಮುಖ ನೋಡಿದ. ನಾನು ವಿವರಿಸಿದೆ. ಅವನು ಕಂಪ್ಯೂಟರಿನಲ್ಲಿ ಹುಡುಕಿ, ಆದಷ್ಟು ಬೇಗ ಅಂದರೆ ಸೋಮವಾರ, ಶನಿವಾರ ಭಾನುವಾರ ಅಲ್ಲಿ ಹಂಚುವುದಿಲ್ಲ ಎಂದು ಸಮಾಧಾನದಿಂದಲೇ ಹೇಳಿದ. ಚಿಕ್ಕಮ್ಮ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡರು.

ಮನೆಯ ಮೆಟ್ಟಿಲು ಹತ್ತುವಾಗ ನನಗೆ ತಮ್ಮನ ನೆನಪಾಯಿತು. ತಮ್ಮನಿಗೆ ಬೈಕಂಪಾಡಿಯಲ್ಲಿ ಪಂಪಿನ ಬಿಡಿಭಾಗಗಳನ್ನು ಮಾಡುವ ಸಣ್ಣ ವರ್ಕ್‌ಶಾಪ್ ಇದೆ. ಹಳೆಯ ಲೇತ್ ಯಂತ್ರವೊಂದನ್ನು ನೋಡಲು ಅವನು ಗುರುವಾರ ಜರ್ಮನಿಗೆ ಹೊರಡುವವನಿದ್ದ. ಎಂಥ ಜಾಕೆಟು ಬೇಕೆಂದು ಹಿಂದಿನ ವಾರವಷ್ಟೇ ಚಿಕ್ಕಮ್ಮನನ್ನು ಕೇಳಿ ಹೋಗಿದ್ದ. ಅಂಚೆಯನ್ನೇ ಕಾಯುತ್ತಿದ್ದ ನಮಗಿಬ್ಬರಿಗೂ ಅದು ಹೊಳೆದಿರಲಿಲ್ಲ.

ಫೋನು ಮಾಡಿದೆ. ಗ್ರೀಸು ಮೆತ್ತಿದ ಅಂಗಿಯಲ್ಲೇ ಬಂದ. ಲಕೋಟೆಯನ್ನು ತಿರುಗಿಸಿ ನೋಡಿ ನಕ್ಕ.

"ಅಲ್ಲ ಚಿಕ್ಕಮ್ಮ, ಅಲ್ಲಿ ಯಾರು ಗೆದ್ರೆ ನಿಮಗೆ ಎಂತ? ನೀವು ಇರುವುದು ಕಾವೂರಿನಲ್ಲಿ."

"ನನ್ನ ಪೆನ್ಶನ್ ಬರುವುದು ಕಾವೂರಿನಿಂದ ಅಲ್ಲ. ಅದು ಬಿಡು. ನಿನಗೆ ಕೊಂಡುಹೋಗ್ಲಿಕ್ಕೆ ಆಗ್ತದಾ, ಇಲ್ವಾ?"

ಅವನ ನಗು ಅಲ್ಲಿಗೆ ನಿಂತಿತು. ಆಗುತ್ತದೆ ಎಂದ. ಬೇರೆಯವರ ಕೈಯಲ್ಲಿ ಕೊಟ್ಟು ಕಳುಹಿಸಿದರೆ ತಪ್ಪಾಗುವುದಿಲ್ಲವೇ ಎಂದು ನನಗೆ ಸಂಶಯ. ಮುಚ್ಚಿದ ಲಕೋಟೆಯನ್ನು ಯಾರು ಮುಟ್ಟಿಸಿದರೂ ಅಲ್ಲಿ ತಕರಾರಿಲ್ಲವೆಂದು ಚಿಕ್ಕಮ್ಮ ಸೂಚನೆಯ ಹಾಳೆಯನ್ನು ಓದಿ ಹೇಳಿದರು. ಶುಕ್ರವಾರ ಮಧ್ಯಾಹ್ನದೊಳಗೆ ಇಳಿದರೆ ಯಾವುದಾದರೂ ಹಳದಿ ಅಂಚೆಪೆಟ್ಟಿಗೆಗೆ ಹಾಕು, ತಡವಾದರೆ ಅದನ್ನು ನಂಬಬೇಡ, ಪುರಸಭೆಯ ಬಾಗಿಲ ಹತ್ತಿರ ಅವರದ್ದೇ ಪೆಟ್ಟಿಗೆ ಉಂಟು ಎಂದು ತಮ್ಮನಿಗೆ ಎರಡು ಸಲ ಬಿಡಿಸಿ ಹೇಳಿದರು.

ತಡವೇ ಆಯಿತು. ನಡುವಿನ ವಿಮಾನ ತಪ್ಪಿ, ತಮ್ಮ ಇಳಿಯುವಾಗ ಶುಕ್ರವಾರದ ಕತ್ತಲೆಯಾಗಿತ್ತು. ಶನಿವಾರ ಲೇತ್ ಮಾಲೀಕನ ಮನೆಯ ಊಟಕ್ಕೆ ಹೋಗಬೇಕಾಗಿದ್ದವನು, ಕ್ಷಮೆ ಕೇಳಿ, ಎರಡು ರೈಲು ಬದಲಿಸಿ ಆ ಸಣ್ಣ ಊರಿಗೆ ಹೋದ. ನಮ್ಮ ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದಾಗ ಅವನ ವಿಡಿಯೋ ಕರೆ ಬಂತು. ಜಾಕೆಟಿನ ಕಾಲರಿನೊಳಗೆ ಅರ್ಧ ಮುಖ, ಕೆಂಪಾದ ಮೂಗು. ಪುರಸಭೆ ಸಿಕ್ಕಿತು, ಮುಚ್ಚಿದೆ, ಪೆಟ್ಟಿಗೆಯ ಎದುರೇ ನಿಂತಿದ್ದೇನೆ ಎಂದ. ಲಕೋಟೆಯನ್ನು ಪೆಟ್ಟಿಗೆಯ ಬಾಯಿಯವರೆಗೆ ಒಯ್ದು, ನಮಗೆ ಕಾಣುವಂತೆ ಫೋನು ತಿರುಗಿಸಿದ.

"ನಿಲ್ಲು ಮಾರಾಯ," ಎಂದರು ಚಿಕ್ಕಮ್ಮ. "ಅದು ಲೈಬ್ರರಿಯದ್ದು. ಪುಸ್ತಕ ವಾಪಸು ಹಾಕುವ ಪೆಟ್ಟಿಗೆ. ಎಡಕ್ಕೆ ಹೋಗು, ಮೆಟ್ಟಿಲು ಉಂಟು."

ಅವನು ಕೈ ಹಿಂದೆಗೆದ. ಎಡಕ್ಕೆ ನಡೆದ. ಕಲ್ಲಿನ ಮೆಟ್ಟಿಲು, ದೊಡ್ಡ ಬಾಗಿಲು, ಗೋಡೆಯಲ್ಲಿ ಬೂದು ಬಣ್ಣದ ಪೆಟ್ಟಿಗೆ. ಮೇಲಿನ ಬರಹವನ್ನು ಹತ್ತಿರದಿಂದ ತೋರಿಸು ಎಂದು ಚಿಕ್ಕಮ್ಮ ಕೇಳಿದರು; ಓದಿ, ಸರಿ ಎಂದರು. ಅವನು ಹಾಕಿದ. ಲಕೋಟೆ ಒಳಗೆ ಬಿದ್ದ ಸದ್ದು ನಮಗೆ ಕೇಳಲಿಲ್ಲ, ಆದರೆ ಚಿಕ್ಕಮ್ಮ ಕುರ್ಚಿಗೆ ಒರಗಿ ಉಸಿರುಬಿಟ್ಟರು.

ಬಂದದ್ದಕ್ಕೆ ಸ್ವಲ್ಪ ಬೀದಿ ತೋರಿಸು ಎಂದರು ಆಮೇಲೆ. ಅವನು ಫೋನನ್ನು ನಿಧಾನವಾಗಿ ಸುತ್ತ ತಿರುಗಿಸಿದ. ಬ್ರೆಡ್ಡಿನ ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಅಂಗಡಿಯಿತ್ತು. ಬಸ್ ನಿಲ್ದಾಣ ಹಾಗೆಯೇ ಇತ್ತು. ಆಸ್ಪತ್ರೆ ಅಲ್ಲಿಗೆ ಕಾಣುವುದಿಲ್ಲ, ಗುಡ್ಡದ ಆಚೆ ಬದಿ ಎಂದು ಚಿಕ್ಕಮ್ಮ ನನಗೆ ವಿವರಿಸಿದರು. ಹೋಗಿ ತೋರಿಸಲೇ ಎಂದು ತಮ್ಮ ಕೇಳಿದ. ಬೇಡ, ನಿನ್ನ ರೈಲು ತಪ್ಪುತ್ತದೆ, ಮೊದಲು ಏನಾದರೂ ಬಿಸಿ ಕುಡಿ ಎಂದರು.

ಫಲಿತಾಂಶ ನಮಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ. ಚಿಕ್ಕಮ್ಮ ಫೋನಿನಲ್ಲಿ ಅವರ ಭಾಷೆಯ ವಾರ್ತೆ ಹಾಕಿಕೊಂಡು ದೋಸೆ ತಿನ್ನುತ್ತಿದ್ದರು. ಗೆದ್ದವರು ಯಾರ ಜೊತೆ ಸೇರಿ ಸರಕಾರ ಮಾಡಬಹುದೆಂದು ವಾರ್ತೆಯಲ್ಲಿ ಕೇಳಿದ್ದೇ ತಡ, ದೋಸೆಯನ್ನು ಅಲ್ಲೇ ಬಿಟ್ಟು ಬೈಯತೊಡಗಿದರು. ಗೆದ್ದವರನ್ನು ಬೈದರು, ಸೋತವರನ್ನು ಅದಕ್ಕಿಂತ ಹೆಚ್ಚು ಬೈದರು. ಮುದುಕರ ಆರೈಕೆಗೆ ಜನ ಸಾಲದಿದ್ದರೂ ಒಬ್ಬರೂ ಆ ಬಗ್ಗೆ ಮಾತಾಡುವುದಿಲ್ಲ ಎಂದರು. ನನಗೆ ಆ ಹೆಸರುಗಳೊಂದೂ ಗೊತ್ತಿರಲಿಲ್ಲ, ಆದರೂ ಹೂಂಗುಟ್ಟಿದೆ. ಬಂದರಿಗೆ ಹೋಗಿ ಬಂಗುಡೆ ಮೀನು ತರೋಣವೆಂದು ನಾನು ಚೀಲ ಹಿಡಿದು ಎದ್ದಾಗ ಅವರೂ ಚಪ್ಪಲಿ ಹಾಕಿಕೊಂಡರು. ಬೈಗುಳ ರಿಕ್ಷಾದಲ್ಲೂ ಮುಂದುವರಿಯಿತು. ರಿಕ್ಷಾದವನು ಯಾವ ಪಾರ್ಟಿಯ ವಿಷಯ ಎಂದು ಕನ್ನಡಿಯಲ್ಲಿ ನೋಡುತ್ತ ಕೇಳಿದ. ಚಿಕ್ಕಮ್ಮ ಅವನಿಗೆ ಮೊದಲಿನಿಂದ ಹೇಳತೊಡಗಿದರು.