ಅಡುಗೆಮನೆಗೆ ಇಳಿದ ತಂತಿ

ನನ್ನ ಗಂಡ ಉದಗೀರದ ಬಜಾರಿನಿಂದ ಒಂದು ಸುರುಳಿ ತಂತಿ, ಒಂದು ಕಟ್ಟಿಗೆಯ ಡಬ್ಬಿ ತಂದ ದಿನ ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ನೋಡುತ್ತ ಕೂತುಬಿಟ್ಟೆ. ಪಡಸಾಲೆಯಲ್ಲಿ ಮಾವನವರ ಬ್ಯಾಟರಿ ರೇಡಿಯೋ ಇತ್ತು. ಅದರ ಸುತ್ತ ಗಂಡಸರು ಕೂಡುತ್ತಿದ್ದರು, ಸೊಸೆಯಾದ ನಾನು ಅತ್ತ ಕಾಲಿಡುವಂತಿರಲಿಲ್ಲ. ಡಬ್ಬಿಯೊಳಗೆ ಇನ್ನೊಂದು ಸ್ಪೀಕರ್ ಇದೆ, ತಂತಿ ಎಳೆದರೆ ಪಡಸಾಲೆಯ ದನಿ ಅಡುಗೆಮನೆಗೂ ಬರುತ್ತದೆ ಎಂದರು ನನ್ನವರು.

ನನಗೆ ಬೇಕಾಗಿದ್ದು ಒಂದೇ, ಧಾರವಾಡ ಕೇಂದ್ರದಿಂದ ಸಂಜೆ ಬರುವ ವಚನಗಳ ಹಾಡು. ತವರಿನಲ್ಲಿ, ಭಾಲ್ಕಿಯ ಕಡೆ, ಅಪ್ಪ ದಿನಾ ಏಕತಾರಿ ಹಿಡಿದು ವಚನ ಹಾಡುತ್ತಿದ್ದ. ನಾನು ಕಾಸಾರಶಿರಸಿ ಹತ್ತಿರದ ಈ ಮನೆಗೆ ಬಂದ ಮೇಲೆ ಅಪ್ಪ ತೀರಿಕೊಂಡ. ಆಮೇಲೆ ಹಾಡು ಕೇಳಬೇಕೆಂದು ಜೀವ ಬಾಯಿಬಾಯಿ ಬಿಡುತ್ತಿತ್ತು.

ಕಲ್ಲುಮಣ್ಣಿನ ದಪ್ಪ ಗೋಡೆ, ತೂತು ಕೊರೆಯುವ ಮಾತೇ ಇಲ್ಲ. ನನ್ನವರು ಮಾಳಿಗೆ ಹತ್ತಿ, ಪಡಸಾಲೆಯ ಬೆಳಕಿಂಡಿಯಿಂದ ತಂತಿ ಮೇಲೆಳೆದು ಅಡುಗೆಮನೆಯ ಬೆಳಕಿಂಡಿಯಿಂದ ಕೆಳಗೆ ಬಿಟ್ಟರು. ಜೊತೆಗೇ ಮಸಿಯೂ ಇಳಿದು ನನ್ನ ಹಿಟ್ಟಿನ ಪರಾತದಲ್ಲಿ ಬಿತ್ತು. ಬೇರೆ ದಿನವಾಗಿದ್ದರೆ ಮನೆ ತಲೆಕೆಳಗು ಮಾಡುತ್ತಿದ್ದೆ. ಅವತ್ತು ನಗುತ್ತಲೇ ಹಿಟ್ಟು ಚೆಲ್ಲಿದೆ.

ಸಂಜೆ ಡಬ್ಬಿ ಮಾತಾಡಿತು. ಮರಾಠಿ ಸುದ್ದಿ. ಅದು ಮುಗಿದರೆ ಹಿಂದಿ ಸುದ್ದಿ. ರಾಜ್ಯ ಹಂಚುವ ಮಾತು ನಡೆದಿದ್ದ ಕಾಲ, ನಮ್ಮ ತಾಲೂಕು ಯಾರ ಪಾಲಿಗೆ ಎಂಬುದೊಂದೇ ಮಾವನವರ ಚಿಂತೆ. ಸುದ್ದಿ ಮುಗಿದದ್ದೇ ತಡ, ಬ್ಯಾಟರಿ ತೀರುತ್ತದೆಂದು ರೇಡಿಯೋದ ಕಿವಿ ತಿರುವಿ ಬಂದ್ ಮಾಡಿಬಿಡುತ್ತಿದ್ದರು. ಅಲ್ಲಿ ತಿರುವಿದ್ದೇ ಇಲ್ಲಿ ಬರುವುದು ಎಂಬುದು ನನಗಾಗಲೀ ತಂತಿ ಎಳೆದವರಿಗಾಗಲೀ ಹೊಳೆದೇ ಇರಲಿಲ್ಲ. ನನಗೆ ಸಿಟ್ಟು ಬಂತು, ಅಳುವೂ ಬಂತು.

“ಮಾವನೋರಿಗಿ ಒಂದ್ ಮಾತ್ ಹೇಳ್ರಿ,” ಎಂದೆ.

“ಅಪ್ಪಗ? ನಾ? ನೀನೇ ಹೇಳು ನೋಡಮ,” ಎಂದು ನನ್ನವರು ರುಮಾಲು ಕೊಡವಿ ಹೊಲಕ್ಕೆ ನಡೆದರು.

ನಾನು ಹೇಳುವುದು ಹೇಗೆ? ಮಾವನೊಡನೆ ಸೊಸೆ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅತ್ತೆ ತೀರಿಹೋಗಿದ್ದರು, ನಡುವೆ ಮಾತು ದಾಟಿಸುವವರೂ ಇಲ್ಲ. ಊಟ ತಯಾರಾದರೆ ನಡುಬಾಗಿಲ ಸರಪಳಿ ಅಲುಗಿಸುತ್ತಿದ್ದೆ, ಅವರು ಎದ್ದು ಬರುತ್ತಿದ್ದರು. ಆ ಮನೆಯಲ್ಲಿ ಅವರಿಗೆ ನಾನು ಹೇಳಬಹುದಾದ ಮಾತು ಅದೊಂದೇ.

ಒಂದು ಸಂಜೆ ಅವರು ಸುದ್ದಿ ಹುಡುಕುತ್ತ ಮುಳ್ಳು ಸರಿಸುವಾಗ ಡಬ್ಬಿಯಲ್ಲಿ ವಚನದ ಒಂದು ಸಾಲು ಬಂತು. ಅಪ್ಪ ಹಾಡುತ್ತಿದ್ದ ಅದೇ ಧಾಟಿ. ಬಿಡಬೇಡಿ, ಅಲ್ಲೇ ಇರಲಿ ಎನ್ನಬೇಕೆಂದು ನಡುಬಾಗಿಲಿಗೆ ಓಡಿದೆ. ಬಾಯಿ ಏಳಲಿಲ್ಲ, ಕೈ ಸರಪಳಿ ಹಿಡಿದು ಜೋರಾಗಿ ಬಾರಿಸಿಬಿಟ್ಟಿತು.

ಊಟಕ್ಕೆ ಕರೆದಳೆಂದು ಮಾವನವರು ರೇಡಿಯೋ ಹಾಗೇ ಬಿಟ್ಟು ಎದ್ದರು. ಅಯ್ಯೋ ಶಿವನೇ, ಒಲೆಯ ಮೇಲೆ ಬೇಳೆ ಇನ್ನೂ ಕುದಿಯುತ್ತಿತ್ತು! ಅವರು ಕೈಕಾಲು ತೊಳೆದು ಮಣೆಯ ಮೇಲೆ ಕೂತರು. ಎದುರಿಗೆ ತಾಟಿಲ್ಲ. ನಾನು ತಲೆಯ ಸೆರಗು ಎಳೆದುಕೊಂಡು ಒಲೆ ಕಡೆ ಮುಖ ಮಾಡಿ ನಿಂತೆ. ಕಣ್ಣೀರು ನಿಲ್ಲಲಿಲ್ಲ. ಗೂಡಿನಲ್ಲಿದ್ದ ಡಬ್ಬಿ ಮಾತ್ರ ಹಾಡುತ್ತಲೇ ಇತ್ತು.

ಅವರು ಒಮ್ಮೆ ಡಬ್ಬಿಯತ್ತ ನೋಡಿದರು, ಒಮ್ಮೆ ನನ್ನ ಬೆನ್ನಿನತ್ತ. ಹಾಡು ಮುಗಿಯುವವರೆಗೂ ಏಳಲಿಲ್ಲ. ಆಮೇಲೆ ಗೋಡೆಗೆ ಹೇಳಿದಂತೆ ಹೇಳಿದರು:

“ಬ್ಯಾಳಿ ಬೇಯ್ಲಿ. ಅವಸರೇನಿಲ್ಲ.”

ಮರುದಿನ ಸಂಜೆ ನಾನು ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದೆ. ಒಳಗೆ ನಡುಬಾಗಿಲ ಸರಪಳಿ ಸದ್ದಾಯಿತು. ಆ ಸರಪಳಿ ಅಲುಗಿಸುವವಳು ನಾನೊಬ್ಬಳೇ, ಇದ್ಯಾರಪ್ಪ ಎಂದು ಓಡಿಬಂದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮಾವನವರು ತಮ್ಮ ಜಾಗಕ್ಕೆ ಮರಳಿ, ಈ ಕಡೆ ಬೆನ್ನು ತಿರುಗಿಸಿ ಕೂತಿದ್ದರು. ಅಡುಗೆಮನೆಯಲ್ಲಿ ವಚನ ಆಗಲೇ ಶುರುವಾಗಿತ್ತು.