ಪ್ಲಗ್ ಹಾಕದೆ ಕಾದ ಒಲೆ

ಸ್ನೇಹಿತರೇ, ಇವತ್ತು ನಮ್ಮ ತೀರ್ಥಹಳ್ಳಿ ಮನೆಯ ಮಾನ ಹೋಯಿತು.

ದೀಪದ ಮೀಟರ್ ಸಾಕೆಂದು ಅಪ್ಪ. ಹೊಗೆ ಸಾಕಾಗಿದೆ, ಅಡುಗೆಗೂ ಆಗುವ ಎ.ಇ.ಎಚ್. ಮೀಟರೇ ಬೇಕೆಂದು ಅಮ್ಮ. ಗೆದ್ದದ್ದು ಅಮ್ಮ. ಆದರೆ ತಪಾಸಣೆಗೆ ಬರುವ ಕರೆಂಟ್ ಆಫೀಸಿನವರಿಗೆ ತೋರಿಸಲು ಮನೆಯಲ್ಲಿ ಕರೆಂಟ್ ಒಲೆ ಇರಬೇಕಲ್ಲ! ಇನ್ಸ್‌ಪೆಕ್ಟರು ಪಕ್ಕದ ಮನೆಯಲ್ಲಿ ಕಾಫಿ ಕುಡಿದು ಏಳುವಷ್ಟರಲ್ಲಿ, ಆ ಮನೆಯ ಪದ್ಮಕ್ಕ ಕಾಫಿ ಕಾಸಿದ ಒಲೆ ಹಿತ್ತಿಲಿನಿಂದ ನಮ್ಮ ಅಡುಗೆಮನೆಗೆ ಬಂತು.

ಇನ್ಸ್‌ಪೆಕ್ಟರು ಬಂದವರೇ ಒಲೆ ಮುಟ್ಟಿ ಕೈ ಕೊಡವಿದರು.

"ಪ್ಲಗ್ ಹಾಕದೇನೇ ಹಿಂಗೆ ಸುಡ್ತಿದೆಯಲ್ಲಮ್ಮ! ಇಂಥ ಒಲೆ ಇದ್ರೆ ನಿಮಗೆ ಕರೆಂಟೇ ಬ್ಯಾಡ ಬಿಡಿ."

ನಕ್ಕವರು ಅಪ್ಪ ಒಬ್ಬರೇ. ಇನ್ಸ್‌ಪೆಕ್ಟರು ಹೋದರೆಂದೇ ತಿಳಿದ ಪದ್ಮಕ್ಕ ಹಿತ್ತಿಲಿನಿಂದ ಕೂಗಿದರು: "ಮುಗೀತಾ? ಒಲೆ ಬೇಗ ಕೊಡೇ, ಎದುರುಮನೆಯವರು ಕಾಯ್ತಿದಾರೆ!"